ಗೋಡೆಗೆ ಹೊಡೆದ ಆರು ಮೊಳೆ

ಗೃಹಪ್ರವೇಶದ ಹೋಮದ ಹೊಗೆಯ ನಡುವೆ ಬಂದೂಕು ಹಾರಿಸಿದಂಥ ಸದ್ದಾಯಿತು. ನನ್ನ ಕೈಯಲ್ಲಿದ್ದ ತುಪ್ಪದ ಬಟ್ಟಲು ನೆಲಕ್ಕೆ ಬಿತ್ತು. ಕೆಜಿಎಫ್‌ನಿಂದ ಬಂದಿದ್ದ ನೆಂಟರೆಲ್ಲ ಎದ್ದು ಬೀದಿಗೆ ಓಡಿದರು. ಗಣಿಯ ಆಳದಲ್ಲಿ ಬಂಡೆ ಸಿಡಿದು ಮನೆ ಅದುರಿದಾಗ ಅವರು ಓಡುವುದೇ ಹಾಗೆ. ಅತ್ತೆಯೊಬ್ಬರು ಬಾಗಿಲಲ್ಲೇ ನಿಂತು, "ಈಗ ಯಾವ ಶಿಫ್ಟು? ಕೆಳಗೆ ಯಾರ್ಯಾರವ್ರೆ?" ಎಂದು ಕೂಗುತ್ತಿದ್ದರು.

ಬಂಗಾರಪೇಟೆಯಲ್ಲಿ ಕೆಳಗೆ ಯಾರೂ ಇರಲಿಲ್ಲ. ಸಿಡಿದದ್ದು ನಮ್ಮ ದೇವರ ಕೋಣೆಯ ಬಾಗಿಲ ಸುತ್ತಲಿನ ಹಲಸಿನ ಪಟ್ಟಿ.

ಎಂಬತ್ತರ ದಶಕದ ಆರಂಭ. ನಾನು ಎಂ.ಎ. ಮುಗಿಸಿ ಬಂದಿದ್ದೆ. ಕೆಜಿಎಫ್‌ನ ಕಾರ್ಖಾನೆಯೊಂದರಲ್ಲಿದ್ದ ಅಪ್ಪ ಬಂಗಾರಪೇಟೆಯಲ್ಲಿ ಸ್ವಂತ ಮನೆ ಕಟ್ಟಿಸಿ, ಮರಗೆಲಸಕ್ಕೆ ಕೆಜಿಎಫ್‌ನ ನಂದಿದುರ್ಗ ಗಣಿಯ ಕಡೆಯ ಆಚಾರಿಯೊಬ್ಬರನ್ನು ಕರೆಸಿದ್ದರು. ಅವರು ಒಂದು ತಿಂಗಳು ಹಜಾರದಲ್ಲಿ ಕೂತು, ಗೇಣಗಲದ ಹಲಗೆಗಳ ಮೇಲೆ ಬಳ್ಳಿ, ಮಾವಿನೆಲೆ ಕೆತ್ತಿದರು. ಬಾಗಿಲ ಚೌಕಟ್ಟಿಗೂ ಗೋಡೆಗೂ ನಡುವಿನ ಬಿರುಕು ಕಾಣದಂತೆ ಮುಚ್ಚುವ ಪಟ್ಟಿ ಅದು. ಆದರೆ ಅವರು ಅದನ್ನು ಬಿದಿರಿನ ಗೂಟ ಹೊಡೆದು ಚೌಕಟ್ಟಿಗೆ ಮಾತ್ರ ಬಿಗಿದರು. ಗೋಡೆಯ ಕಡೆ ಉಗುರು ತೂರುವಷ್ಟು ಸಂದು ಬಿಟ್ಟರು.

"ಇದೇನ್ ಆಚಾರ್ರೇ, ಇರುವೆ ಓಡಾಡೋಕೆ ದಾರಿನಾ?" ಎಂದೆ.

"ಕೆಳ್ಗೆ ಬಂಡೆ ಸಿಡಿದ್ರೆ ಗೋಡೆ ಒಂದ್ಕಡೆ ಓಯ್ತದೆ, ಮರ ಒಂದ್ಕಡೆ ಓಯ್ತದೆ. ಒಂದನ್ನೊಂದು ಇಡ್ಕಂಡಿರಬಾರ್ದು, ಸಾಮಿ."

"ಈ ಊರಲ್ಲಿ ಗಣಿ ಎಲ್ಲಿದೆ?"

ಅವರು ನಕ್ಕರು. "ಅದೂ ನಿಜವೇಯ. ಕೈಗೆ ಅಂಗೇ ಅಭ್ಯಾಸ ಆಗೋಗದೆ."

ಪಕ್ಕದ ಸೈಟಿನಲ್ಲಿ ಹಾಲಿನ ವ್ಯಾಪಾರದ ಯಜಮಾನರೊಬ್ಬರ ಮನೆ ಏಳುತ್ತಿತ್ತು. ಗೃಹಪ್ರವೇಶಕ್ಕೆ ಬಂದು ನಮ್ಮ ಪಟ್ಟಿ ನೋಡಿ, ಒಪ್ಪಿಗೆಯಾದರೆ ತಮ್ಮ ಮನೆಯ ಬಾಗಿಲುಗಳನ್ನೆಲ್ಲ ಈ ಆಚಾರಿಗೇ ವಹಿಸುವುದಾಗಿ ಅವರು ಹೇಳಿದ್ದರು. ಕೆಜಿಎಫ್‌ನಲ್ಲಿ ಕೆಲಸ ಕಡಿಮೆಯಾಗಿದ್ದ ಆಚಾರಿಗೆ ಈ ಊರಲ್ಲಿ ಕಾಲೂರಲು ಇದ್ದದ್ದು ಅದೊಂದೇ ದಾರಿ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ, ಹಿಂದಿನ ದಿನ ಮಧ್ಯಾಹ್ನ ಅವರು ಊಟಕ್ಕೆ ಹೋದಾಗ, ಸಂದು ಮುಚ್ಚುವಂತೆ ಮೇಲಿನ ಪಟ್ಟಿಯನ್ನು ಒತ್ತಿ ಹಿಡಿದು ಗೋಡೆಗೆ ಆರು ಮೊಳೆ ಹೊಡೆದೆ. ಮೊಳೆಯ ತಲೆಗಳು ಕಾಣದಂತೆ ಪುಟ್ಟಿ ಮೆತ್ತಿದೆ. ಅವರಿಗೆ ಒಳ್ಳೆಯದನ್ನೇ ಮಾಡುತ್ತಿದ್ದೇನೆಂದು ನಂಬಿದ್ದೆನೇ? ನಂಬಿದ್ದೆ ಎಂದು ಬರೆಯಲು ಮನಸ್ಸು ಹೇಳುತ್ತದೆ. ಆ ಮನಸ್ಸಿನ ಮೇಲೆ ನನಗೆ ಭರವಸೆಯಿಲ್ಲ.

ಹೋಮದ ಬಿಸಿಗೆ ಮರ ಕುಗ್ಗಿತು. ಎರಡೂ ಅಂಚು ಬಿಗಿಯಾಗಿದ್ದರಿಂದ ಕುಗ್ಗಲು ಎಡೆಯಿಲ್ಲದೆ ನಟ್ಟನಡುವೆ ಸೀಳಿತು.

ಬೀದಿಗೆ ಓಡಿದವರು ಒಬ್ಬೊಬ್ಬರಾಗಿ ಒಳಗೆ ಬಂದರು. ಪಕ್ಕದ ಯಜಮಾನರು ತಲೆಯೆತ್ತಿ ಸೀಳು ನೋಡಿದರು. "ಏನ್ ಆಚಾರ್ರೇ, ದೇವ್ರ ಮುಂದೇನೇ ಪಟಾಕಿ ಒಡೆದ್ರಲ್ಲ! ನಮ್ಮನೆ ಬಾಗ್ಲೂ ನಿಮ್ಗೇ ಕೊಟ್ರೆ ನಾನು ಎಮ್ಮೆ ಜೊತೆ ಕೊಟ್ಗೇಲೇ ಮಲಗ್ಬೇಕಾಯ್ತದೆ."

ಎಲ್ಲರೂ ನಕ್ಕರು. ಆಚಾರಿ ಸ್ಟೂಲು ಹತ್ತಿ ಸೀಳಿನುದ್ದಕ್ಕೂ ಹೆಬ್ಬೆರಳು ಆಡಿಸಿದರು. ಬೆರಳು ಪುಟ್ಟಿಯ ಮೇಲೆ ನಿಂತಿತು. ಅವರು ತಿರುಗಿ ನನ್ನನ್ನೇ ನೋಡಿದರೆಂದು ನೆನಪು. ಆದರೆ ನನ್ನ ಹಿಂದೆ ಹತ್ತು ಜನರಿದ್ದರು.

"ಅಲಸು ಸರ್ಯಾಗಿ ಒಣಗಿರ್ಲಿಲ್ಲ ಸಾರ್," ಎಂದು ಅಪ್ಪನಿಗೆ ಹೇಳಿದರು. "ನನ್ ತಪ್ಪು."

ನಾನು ಬಗ್ಗಿ, ನೆಲಕ್ಕೆ ಬಿದ್ದಿದ್ದ ತುಪ್ಪದ ಬಟ್ಟಲು ಎತ್ತಿಕೊಂಡೆ.

ಆ ದಿನದ ದಿನಚರಿಯನ್ನು ಮೊನ್ನೆ ತೆಗೆದು ನೋಡಿ ಬೆಚ್ಚಿಬಿದ್ದೆ. "ಆಚಾರಿಯ ಅಸಡ್ಡೆ. ಹಸಿ ಮರ ಬಳಸಿದ್ದಾನೆ." ಅಕ್ಷರ ನನ್ನವೇ. ಮೊಳೆಯ ಸುದ್ದಿಯೇ ಇಲ್ಲ. ಯಾರೂ ಓದದ ಪುಸ್ತಕದಲ್ಲೂ ಸುಳ್ಳು ಬರೆದಿದ್ದೆ, ಅದೂ ಏಕವಚನದಲ್ಲಿ.

ಮೂರನೆಯ ದಿನ ಅಪ್ಪನಿಗೆ ನಿಜ ಹೇಳಿದೆ. ಅವರು ಬೈಯಲಿಲ್ಲ, ಚಪ್ಪಲಿ ಮೆಟ್ಟಿ, ನನ್ನನ್ನು ಕರೆದುಕೊಂಡು ಪಕ್ಕದ ಯಜಮಾನರ ಬಳಿ ಹೋದರು. ನಾನೇ ಎಲ್ಲ ಹೇಳಬೇಕಾಯಿತು.

ಯಜಮಾನರು ಹಾಲಿನ ಕ್ಯಾನು ಕೆಳಗಿಟ್ಟರು. "ಬೇರೆ ಆಚಾರಿಗೆ ನೆನ್ನೇನೇ ಎಲೆ ಅಡಿಕೆ ಕೊಟ್ಬುಟ್ಟಿವ್ನಲ್ಲಪ್ಪ. ಕೊಟ್ಟ ಎಲೆ ವಾಪಸ್ ಇಸ್ಕಳಕ್ಕಾಯ್ತದಾ?"

"ತಪ್ಪು ಅವರದಲ್ಲ ಅಂತಾದ್ರೂ ನಾಲ್ಕು ಜನಕ್ಕೆ ಹೇಳಿ," ಎಂದೆ.

"ಅವತ್ತು ಊರೆಲ್ಲ ಅಲ್ಲೇ ಇತ್ತು," ಎಂದರು. "ನೀನೂ ಇದ್ಯಲ್ಲ."