ಮನೆಯೊಳಗೆ ಸರಿಯಾಗಿದ್ದ ಗೇರ್

ನೆದರ್ಲೆಂಡ್ಸಿನಲ್ಲಿ ನಾವಿರುವ ಹಳ್ಳಿಗೂ ಪಕ್ಕದ ಊರಾದ ವಾಗೆನಿಂಗನ್‌ಗೂ ನಡುವೆ ಒಂದು ದಿಬ್ಬವಿದೆ. ಇಲ್ಲಿನವರು ಅದನ್ನು ಬೆಟ್ಟ ಎಂದೇ ಕರೆಯುತ್ತಾರೆ. ಚಾಮುಂಡಿ ಬೆಟ್ಟ ನೋಡುತ್ತಾ ಬೆಳೆದ ನನಗೆ ಮೊದಲ ಸಲ ಆ ಮಾತು ಕೇಳಿದಾಗ ನಗು ತಡೆಯಲಾಗಲಿಲ್ಲ. ದಿನಾ ಸೈಕಲ್‌ನಲ್ಲಿ ಹತ್ತಿ ಇಳಿಯಲು ಶುರು ಮಾಡಿದ ಮೇಲೆ ನಗು ತಾನಾಗಿ ನಿಂತಿತು. ದಿಬ್ಬದಾಚೆ, ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ನಾನು ಬೀಜಗಳ ಮೇಲೆ ಕೆಲಸ ಮಾಡುತ್ತೇನೆ.

ಆ ನವೆಂಬರ್‌ನಲ್ಲಿ ನನ್ನ ಸೈಕಲ್ಲಿನ ಗೇರ್ ಹಟ ಹಿಡಿಯಿತು. ಏರಿನಲ್ಲಿ ಹಗುರ ಗೇರಿಗೆ ಹಾಕಿದರೆ ಸಲೀಸಾಗಿ ಬೀಳುತ್ತಿತ್ತು. ಮೇಲೆ ತಲುಪಿ, ಮತ್ತೆ ಗಟ್ಟಿ ಗೇರಿಗೆ ತರೋಣವೆಂದು ಹ್ಯಾಂಡಲ್ ಮೇಲಿನ ಗುಂಡಿ ಒತ್ತಿದರೆ ಟಕ್ಕೆಂಬ ಸದ್ದು ಮಾತ್ರ. ಹಿಂದೆ ಚೈನ್ ಇದ್ದಲ್ಲೇ ಇರುತ್ತಿತ್ತು. ಅಲ್ಲಿಂದ ಮುಂದಕ್ಕೆಲ್ಲ ಇಳಿಜಾರು, ಸಪಾಟು ದಾರಿ. ಕಾಲು ಗಿರಗಿರನೆ ತಿರುಗಿದರೂ ಸೈಕಲ್ ಮುಂದಕ್ಕೆ ಹೋಗದು. ಮುಂದೊಂದು ಹಿಂದೊಂದು ಮಗು ಕೂರಿಸಿಕೊಂಡ ತಾಯಂದಿರು, ಬೆನ್ನು ನೆಟ್ಟಗಿಟ್ಟು ಕೂತ ಅಜ್ಜಿಯರು, ಎಲ್ಲರೂ ನನ್ನನ್ನು ದಾಟಿಕೊಂಡು ಹೋಗುತ್ತಿದ್ದರು.

ಮನೆಗೆ ಬಂದು ಗಂಡನಿಗೆ ಹೇಳಿದೆ. ಅವನು ಸಾಫ್ಟ್‌ವೇರಿನವನು, ಹೆಚ್ಚಿನ ದಿನ ಮನೆಯಿಂದಲೇ ಕೆಲಸ. ರಿಪೇರಿ ಎಂದರೆ ಅವನಿಗೆ ಹಬ್ಬ. ಸೈಕಲನ್ನು ಒಳಗೆ ತಂದು, ಹಾಲಿನಲ್ಲಿ ಪೇಪರ್ ಹಾಸಿ, ಹೀಟರ್ ಪಕ್ಕದಲ್ಲಿ ತಲೆಕೆಳಗಾಗಿ ನಿಲ್ಲಿಸಿದ. ಫೋನಿನಲ್ಲಿ ವಿಡಿಯೊ ನೋಡಿಕೊಂಡು ಒಂದೆರಡು ಸ್ಕ್ರೂ ತಿರುಗಿಸಿದ. ಆಮೇಲೆ ಕೈಯಿಂದ ಪೆಡಲ್ ತಿರುಗಿಸುತ್ತಾ ಗುಂಡಿ ಒತ್ತಿದರೆ, ಚೈನ್ ಹೇಳಿದ ಮಾತು ಕೇಳುವ ಮಗುವಿನಂತೆ ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಹೋಯಿತು, ಬಂತು. ನಾನೂ ಒತ್ತಿ ನೋಡಿದೆ. ಒಂದು ಸಲವೂ ತಪ್ಪಲಿಲ್ಲ.

ಮರುದಿನ ದಿಬ್ಬದ ಮೇಲೆ ಅದೇ ಕಥೆ. ಮತ್ತೆ ಹಾಲ್, ಮತ್ತೆ ಪೇಪರ್, ಮತ್ತೆ ಎಲ್ಲ ಸರಿ. ಹೀಗೇ ಇನ್ನೂ ಕೆಲವು ಸಂಜೆ ನಡೆದ ಮೇಲೆ ಅವನು ಕೈ ಒರೆಸಿಕೊಳ್ಳುತ್ತಾ ಹೇಳಿದ, “ಇಲ್ಲಿ ರಿಪ್ರೊಡ್ಯೂಸೇ ಆಗ್ತಿಲ್ಲ ಕಣೆ, ಏನ್ ಮಾಡಿದ್ರೂ ಆ ತೊಂದ್ರೆ ಬರ್ತಿಲ್ಲ. ನೀನು ಪೆಡಲ್ ಮೇಲೆ ಭಾರ ಬಿಟ್ಕೊಂಡೇ ಗೇರ್ ಚೇಂಜ್ ಮಾಡ್ತೀಯ ಅನ್ಸತ್ತೆ. ಸ್ವಲ್ಪ ಸ್ಮೂತಾಗಿ ಮಾಡು.”

ಮೈಯೆಲ್ಲ ಉರಿದುಹೋಯಿತು. ಮಾವನವರ ಎದುರಿಗೆ ನಾನು ಅವನನ್ನು ‘ರೀ’ ಎನ್ನುತ್ತೇನೆ. ಆವತ್ತು ಅದೂ ಮರೆತುಹೋಯಿತು. “ಗೇರ್ ಹಾಕೋಕೆ ಬರಲ್ವಾ ನಂಗೆ? ಎಷ್ಟು ವರ್ಷದಿಂದ ಓಡಿಸ್ತಿದೀನಿ? ನಿನ್ನ ಕ್ಲೈಂಟ್ ಬಗ್ ಇದೆ ಅಂದಾಗ್ಲೂ ಹೀಗೇ ಹೇಳ್ತೀಯಾ?”

“ಅವ್ರು ಸ್ಕ್ರೀನ್‌ಶಾಟ್ ಕಳಿಸ್ತಾರೆ,” ಎಂದ.

ಸೋಫಾದಲ್ಲಿ ಶಾಲು ಹೊದ್ದು ಕೂತಿದ್ದ ಮಾವ ಆಗ ಬಾಯಿ ಬಿಟ್ಟರು. “ಲೋ, ಅವಳು ಆಗ್ತಿದೆ ಅಂತಿದಾಳಲ್ಲೋ. ಅಂದ್ಮೇಲೆ ಆಗ್ತಿದೆ. ನಿಂಗೆ ಕಾಣ್ಲಿಲ್ಲ ಅಷ್ಟೇ.”

ಮಾವ ಆಗಸ್ಟ್ ಕೊನೆಯಲ್ಲಿ ಮೈಸೂರಿನಿಂದ ನಮ್ಮಲ್ಲಿಗೆ ಬಂದವರು, ವೀಸಾ ಮುಗಿಯುವುದರೊಳಗೆ ಹಿಂತಿರುಗಬೇಕಿತ್ತು. ಸ್ಕೂಟರ್ ಬಂದ ಮೇಲೂ ಸೈಕಲ್ ಬಿಡದ ಮನುಷ್ಯ. ಅವರಿಗೆ ಚಳಿ ತಡೆಯದೆಂದು ಮನೆಯ ಹೀಟರನ್ನು ನಾವು ಬೇಸಿಗೆಯ ಮಟ್ಟಕ್ಕೆ ಏರಿಸಿಟ್ಟಿದ್ದೆವು. ಅವರ ಆ ಮಾತು ಕೇಳಿ ನನಗೆ ಅಳುವೇ ಬಂತು. ಗೇರ್ ಸರಿಹೋಗುವುದಕ್ಕಿಂತ ಹೆಚ್ಚಾಗಿ ನನಗೆ ಬೇಕಾಗಿದ್ದದ್ದು ಅದೇ: ಯಾರಾದರೂ ಒಬ್ಬರು, ಪುರಾವೆ ಕೇಳದೆ, ನನ್ನ ಮಾತನ್ನು ನಂಬುವುದು.

ಆದರೂ ಪುರಾವೆ ಹುಡುಕುವುದು ನನ್ನ ಕಸುಬು. ಆ ವಾರ ಗಮನವಿಟ್ಟು ನೋಡಿದೆ. ಸೈಕಲ್ ಹಾಲಿನಲ್ಲಿ ಮಲಗಿದ ದಿನ ಬೆಳಿಗ್ಗೆ ಮೊದಲ ಒಂದಿಷ್ಟು ದೂರ ಗೇರ್ ಚೆನ್ನಾಗಿರುತ್ತಿತ್ತು, ಆಮೇಲೆ ಕೈಕೊಡುತ್ತಿತ್ತು. ಹಿತ್ತಲ ಶೆಡ್ಡಿನಲ್ಲಿ ಮಲಗಿದ ದಿನ ಬಾಗಿಲಿನಿಂದಲೇ ತಕರಾರು. ಚಳಿಯಲ್ಲೇ ಏನೋ ಇದೆ ಅನ್ನಿಸಿತು.

ಗುರುವಾರ ಹುಲ್ಲಿನ ಮೇಲೆಲ್ಲ ಮಂಜು ಬಿದ್ದಿತ್ತು. ದಿಬ್ಬದ ಮೇಲೆ ಸೈಕಲ್ ನಿಲ್ಲಿಸಿ ಕೂತು ನೋಡಿದೆ. ಗೇರಿನ ತಂತಿ ಕಪ್ಪು ಕೊಳವೆಯಿಂದ ಹೊರಬರುವಲ್ಲಿ ಮೇಣದಂಥ ಬಿಳಿಯ ಪದಾರ್ಥ ಕಟ್ಟಿಕೊಂಡಿತ್ತು. ಹಗುರ ಗೇರಿಗೆ ಹಾಕುವಾಗ ನಾನು ಬಲ ಹಾಕಿ ತಂತಿಯನ್ನು ಎಳೆಯುತ್ತಿದ್ದೆ, ಬರುತ್ತಿತ್ತು; ಗಟ್ಟಿ ಗೇರಿಗೆ ಅದನ್ನು ವಾಪಸು ಎಳೆದುಕೊಳ್ಳಲು ಹಿಂದಿನ ಸ್ಪ್ರಿಂಗಿಗೆ ಅಷ್ಟು ಶಕ್ತಿಯಿರಲಿಲ್ಲ. ಗ್ಲೌಸ್ ತೆಗೆದು ಬೆರಳಿನಿಂದ ಮುಟ್ಟಿದೆ. ಬಿಳಿಯದು ಬೆರಳಿನ ಬಿಸಿಗೆ ಕರಗಿತು. ಮೂಸಿ ನೋಡಿದೆ. ಕೊಬ್ಬರಿ ಎಣ್ಣೆ.

ಆಗಸ್ಟಿನ ಬಿಸಿಲಿನ ಒಂದು ಸಂಜೆ ನೆನಪಾಯಿತು. ಕೆಲಸದಿಂದ ಬಂದಾಗ ಮಾವ ಹಿತ್ತಲಲ್ಲಿ ಕೈತುಂಬ ಮಸಿ ಮಾಡಿಕೊಂಡು ನಿಂತಿದ್ದರು. “ಗೇರ್ ಬಿಗಿ ಅಂತಿದ್ಯಲ್ಲ, ಎಣ್ಣೆ ಬಿಟ್ಟಿದೀನಿ ಕಣಮ್ಮ. ನೋಡು ಈಗ, ಬೆಣ್ಣೆ ಥರ ಹೋಗತ್ತೆ,” ಎಂದಿದ್ದರು. ನಿಜವಾಗಿಯೂ ಹೋಗಿತ್ತು, ಬೇಸಿಗೆ ಇರುವವರೆಗೆ. ಆಮೇಲೆ ಚಳಿಗೆ ಅದು ಕೊಳವೆಯೊಳಗೆಲ್ಲ ಗಟ್ಟಿಯಾಗುತ್ತಿತ್ತು. ಅವರಿಗಾಗಿ ಬಿಸಿ ಮಾಡಿದ ಮನೆಯೊಳಗೆ, ಹೀಟರ್ ಪಕ್ಕದಲ್ಲಿ, ಕರಗಿ ಏನೂ ಅರಿಯದಂತೆ ಇರುತ್ತಿತ್ತು.

ಗಂಡನ ಮುಖಕ್ಕೆ ಹಿಡಿಯಲು ನನ್ನ ಕೈಯಲ್ಲಿ ಈಗ ಪುರಾವೆಯಿತ್ತು. ಫೋಟೊ ತೆಗೆದೆ. ಕಳಿಸಲು ಹೋಗಿ ಬೆರಳು ನಿಂತಿತು. ಈ ಮನೆಯಲ್ಲಿ ನನ್ನನ್ನು ನಂಬಿದ ಒಬ್ಬರೇ ಒಬ್ಬರನ್ನು ಸಿಕ್ಕಿಸಿ ನಾನು ಗೆಲ್ಲಬೇಕಿತ್ತು. ಊರಿಗೆ ಹೊರಡಲು ಪೆಟ್ಟಿಗೆ ಜೋಡಿಸುತ್ತಿರುವವರಿಗೆ, ನೀವು ಪ್ರೀತಿಯಿಂದ ಮಾಡಿದ್ದೇ ಹೀಗಾಯಿತು ಅಂತ ಹೇಗೆ ಹೇಳುವುದು? ಫೋಟೊ ಅಳಿಸಿದೆ. ಎರಡು ದಿನ ಹಾಗೇ ಕಾಲು ಗಿರಗಿರ ತಿರುಗಿಸುತ್ತಾ ಹೋಗಿಬಂದೆ. ಗಂಡ “ಈಗ ಸರಿಯಾಯ್ತಾ?” ಎಂದು ಕೇಳಿದಾಗ ಸರಿಯಾಯಿತು ಎಂದುಬಿಟ್ಟೆ. “ನಾನು ಹೇಳ್ಲಿಲ್ವಾ?” ಎಂದ. ಆ ಮಾತನ್ನು ನುಂಗಿಕೊಳ್ಳುವುದು ಸುಲಭವಾಗಿರಲಿಲ್ಲ.

ಶನಿವಾರ ತಲೆಗೆ ಎಣ್ಣೆ ಹಚ್ಚಿಕೊಳ್ಳೋಣವೆಂದು ಅಡುಗೆಮನೆಯ ಹಿಂಬಾಗಿಲ ಪಕ್ಕದ ಕಪಾಟಿನಿಂದ ಬಾಟಲಿ ತೆಗೆದೆ. ಅಲ್ಲಿಗೆ ಹೀಟರ್ ಶಾಖ ತಲುಪುವುದಿಲ್ಲ. ಎಣ್ಣೆ ಕಲ್ಲಾಗಿತ್ತು. ಚಮಚದ ಹಿಂಬದಿಯಿಂದ ಕೆದಕುತ್ತಿದ್ದಾಗ ಕಾಫಿಗೆ ಬಂದ ಮಾವ ನೋಡಿದರು.

“ಮೈಸೂರಲ್ಲಿ ಡಿಸೆಂಬರ್ ಬಂದ್ರೆ ಬಿಸಿಲಿಗೆ ಇಡ್ತಿದ್ವಿ,” ಎಂದು ನಗುತ್ತಾ ಬಾಟಲಿ ಕೈಗೆ ತೆಗೆದುಕೊಂಡರು. ನಗು ಅಲ್ಲಿಗೇ ನಿಂತಿತು. ಬಾಟಲಿಯನ್ನು ತಲೆಕೆಳಗು ಮಾಡಿದರು. ಒಂದು ಹನಿಯೂ ಜಾರಲಿಲ್ಲ. ಕಿಟಕಿಯಾಚೆ ಶೆಡ್ಡಿನ ಕಡೆ ನೋಡಿದರು, ಆಮೇಲೆ ನನ್ನ ಕಡೆ.

“ಆ ಗೇರಿಗೆ ನಾನು ಇದನ್ನೇ ಅಲ್ವಾ ಬಿಟ್ಟಿದ್ದು?”

ನಾನು ಚಮಚ ಕೆಳಗಿಟ್ಟೆ.

“ನಿಂಗೆ ಗೊತ್ತಿತ್ತು.”

“ಗುರುವಾರ ಗೊತ್ತಾಯ್ತು ಮಾವ.”

“ಮತ್ತೆ ಸರಿಹೋಯ್ತು ಅಂದ್ಯಲ್ಲ ಅವನಿಗೆ?”

“ನೀವೊಬ್ರೇ ನನ್ನ ನಂಬಿದ್ರಿ,” ಎಂದೆ.

ಮಾವ ಬಾಟಲಿ ಹಿಡಿದುಕೊಂಡೇ ಹಾಲಿಗೆ ನಡೆದು ಮಗನೆದುರು ನಿಂತರು. “ತಪ್ಪು ಅವಳದ್ದಲ್ಲ ಕಣೋ, ನಂದು,” ಎಂದು ಇದ್ದದ್ದು ಇದ್ದ ಹಾಗೆ ಹೇಳಿದರು. ಗಂಡ ಬಾಟಲಿ ನೋಡಿ ಜೋರಾಗಿ ನಕ್ಕ. “ಅಪ್ಪ, ಸೂಪರ್ ಬಗ್ ಇದು! ಒಂದು ಕೇಬಲ್ ತಂದು ಹಾಕಿದ್ರೆ ಆಯ್ತು.”

ಮಾವ ನಗಲಿಲ್ಲ. “ಕೇಬಲ್ ಆಮೇಲೆ ಹಾಕುವಂತೆ. ಮೊದ್ಲು ಅವಳ ಸೈಕಲ್ ತೊಗೊಂಡು ದಿಬ್ಬ ಹತ್ತಿ, ಅವಳ ಲ್ಯಾಬ್ ತನಕ ಹೋಗಿ ಬಾ.”

“ಈಗ್ಲಾ? ಹೊರಗಡೆ ಚಳಿ...”

“ಅದಕ್ಕೇ.”

ಅಪ್ಪನ ಆ ದನಿ ಅವನಿಗೆ ಹಳೆಯ ಪರಿಚಯದ್ದಿರಬೇಕು. ಎರಡನೇ ಮಾತಾಡದೆ ಜಾಕೆಟ್ ಹಾಕಿಕೊಂಡು ಹೊರಟ. ಮಾವ ಬಾಟಲಿಯನ್ನು ಹೀಟರ್ ಮೇಲಿಟ್ಟು ಪಕ್ಕದಲ್ಲಿ ಕೂತರು. “ಎಣ್ಣೆ ಬಿಡೋ ಮುಂಚೆ ಕೇಳ್ಬೇಕಿತ್ತು ನಾನು,” ಎಂದರು. “ಬಿಡೀ ಮಾವ, ಬೇಸಿಗೇಲಿ ಬೆಣ್ಣೆ ಥರಾನೇ ಹೋಯ್ತಲ್ಲ,” ಎಂದೆ. ಆಗ ಇಬ್ಬರಿಗೂ ಸ್ವಲ್ಪ ನಗು ಬಂತು.

ಅವನು ಬಂದಾಗ ಎಣ್ಣೆ ಪೂರ್ತಿ ಕರಗಿ ತಿಳಿಯಾಗಿತ್ತು. ಅವನ ಕಿವಿ, ಮೂಗು ಕೆಂಪಾಗಿದ್ದವು. ಶೂ ಬಿಚ್ಚಲು ಬೆರಳು ಬಗ್ಗುತ್ತಿರಲಿಲ್ಲ. ಬಾಗಿಲ ಹತ್ತಿರವೇ ಕೂತು ಸ್ವಲ್ಪ ಹೊತ್ತು ಸುಧಾರಿಸಿಕೊಂಡ. ಸ್ಕ್ರೂ, ಕೇಬಲ್, ಬಗ್ ಯಾವುದರ ಮಾತೂ ಬರಲಿಲ್ಲ.

“ದಿನಾ ಹೀಗೇ ಹೋಗಿಬರ್ತಿದ್ಯಾ?” ಎಂದು ಕೇಳಿದ.

ಆ ನವೆಂಬರ್ ಪೂರ್ತಿ ಅವನಿಗೆ ಹೇಳಬೇಕೆಂದು ದಿಬ್ಬದ ಮೇಲೆ ಕಟ್ಟಿಟ್ಟುಕೊಂಡ ಮಾತುಗಳು ಎಷ್ಟೋ ಇದ್ದವು. ಹೂಂ ಎಂದಷ್ಟೇ ಹೇಳಿ, ಅವನ ಕೈಗಳನ್ನು ಹಿಡಿದುಕೊಂಡೆ. ಮಂಜುಗಡ್ಡೆಯ ಹಾಗಿದ್ದವು.