ಹೊರಗಿನ ಚಿಲಕ

ಸ್ವಾತಂತ್ರ್ಯ ದಿನದ ಬೆಳಿಗ್ಗೆ ಬೀಗದಕ್ಕ ಗಂಡನ ಮುಂದೆ ಹಾಲಿನಲ್ಲಿ ನೆನೆಸಿದ ಬ್ರೆಡ್ಡಿನ ಬಟ್ಟಲಿಟ್ಟು, ಚಮಚ ಕೈಗೆ ಕೊಟ್ಟು, ಹೊರಗೆ ಬಂದು ಬಾಗಿಲೆಳೆದಳು. ಚಿಲಕ ಸರಿಸುವಾಗ ಎಂದಿನಂತೆ ಜೋರಾಗಿ ಕೆಮ್ಮಿದಳು. ಗಂಟಲಿಗೆ ಏನೂ ಆಗಿರಲಿಲ್ಲ. ಚಿಲಕದ ಸದ್ದು ಒಳಗೆ ಕೇಳಬಾರದಿತ್ತು, ಅಷ್ಟೇ.

ಮೆಟ್ಟಿಲ ಬುಡದಲ್ಲಿ ಕೆಳಮನೆಯ ಟೈಲರಮ್ಮ ಹಾಡಿನ ಪುಸ್ತಕವನ್ನು ಕಂಕುಳಲ್ಲಿ ಇರುಕಿಕೊಂಡು ಕಾಯುತ್ತಿದ್ದಳು. ಚರ್ಚಿನ ಗಾಯನ ತಂಡದಲ್ಲಿ ಇಬ್ಬರೂ ಅಕ್ಕಪಕ್ಕ ನಿಲ್ಲುವವರು.

"ಏನಕ್ಕಾ, ಇನ್ನೂ ಕೆಮ್ಮು ಹೋಗಿಲ್ವಾ? ಬರೀ ಭಾನುವಾರ ಬರೋ ಕೆಮ್ಮನ್ನ ನಾನೆಲ್ಲೂ ನೋಡಿಲ್ಲಮ್ಮ."

"ಇವತ್ತು ಭಾನುವಾರ ಅಲ್ವಲ್ಲ."

"ಹಾಗಾದ್ರೆ ಸರ್ಕಾರಿ ರಜೆಗೂ ಬರುತ್ತೆ ಅನ್ನು. ಗೌರ್ಮೆಂಟ್ ಕೆಮ್ಮು!"

ಬೀಗದಕ್ಕ ನಕ್ಕಂತೆ ಮಾಡಿ ಮುಂದೆ ನಡೆದಳು. ರಸ್ತೆಯಾಚೆಯ ಶಾಲೆಯ ಮೈದಾನದಲ್ಲಿ ಧ್ವನಿವರ್ಧಕ ಆಗಲೇ ಕವಾಯತಿನ ಹಾಡು ಹಚ್ಚಿತ್ತು.

ಅವಳಿಗೆ ಆ ಹೆಸರು ಬಂದದ್ದು ಗಂಡನಿಂದ. ಮೂಲೆಯ ಸಣ್ಣ ಅಂಗಡಿಯಲ್ಲಿ ಕೂತು ಅವನು ಊರವರ ಬೀಗಗಳನ್ನೆಲ್ಲ ರಿಪೇರಿ ಮಾಡಿದವನು. ಎಲ್ಲರ ಬಾಯಲ್ಲೂ ಮಾಸ್ಟರ್. ಕೀಲಿ ಕಳೆದುಕೊಂಡವರು ಕರೆಯಲು ಬಂದರೆ ಚೀಲ ಹೆಗಲಿಗೇರಿಸಿ ಹೊರಡುತ್ತಿದ್ದ. ಆದರೆ ಬಾಗಿಲ ಮುಂದೆ ನಿಂತು ಮೊದಲು ಒಂದು ಮಾತು ಕೇಳುತ್ತಿದ್ದ: "ಒಳಗೆ ಏನೇನಿದೆ ಹೇಳಿ." ಹೇಳಿದ್ದು ಒಳಗಿನದಕ್ಕೆ ತಾಳೆಯಾದರೆ ಮಾತ್ರ ಮನೆ ಅವರದು. ಬಾಗಿಲು ತೆರೆದ ಮೇಲೂ, ಮನೆಯನ್ನು ಮನೆಯವರ ಕೈಗೊಪ್ಪಿಸುವ ತನಕ ಹೊಸ್ತಿಲು ಬಿಟ್ಟು ಕದಲುತ್ತಿರಲಿಲ್ಲ. ಊಟದ ಹೊತ್ತು ಮೀರಿ ಬಂದು ಬೈಸಿಕೊಂಡ ದಿನಗಳೆಷ್ಟೋ. "ಬಾಗಿಲು ತೆಗೆದವನೇ ಓಡಿಬಂದ್ರೆ ಕಳ್ಳನಿಗೂ ನನಗೂ ಏನೇ ವ್ಯತ್ಯಾಸ?" ಎನ್ನುತ್ತಿದ್ದ.

ಆಮೇಲೆ ನೆನಪು ಕೈಕೊಟ್ಟಿತು. ಮೊದಲು ಹೆಸರುಗಳು ಹೋದವು, ನಂತರ ದಾರಿಗಳು. ಒಮ್ಮೆ ಬಸ್ ನಿಲ್ದಾಣದಲ್ಲಿ, ಇನ್ನೊಮ್ಮೆ ಲಾರಿಗಳು ಓಡುವ ದೊಡ್ಡ ರಸ್ತೆಯ ನಡುವೆ ಸಿಕ್ಕ. ಅವಳು ಬೀಗ ಹಾಕತೊಡಗಿದಳು. ಹೆಂಡತಿಯ ಹೆಸರು ಮರೆತವನ ಬೆರಳುಗಳು ಬೀಗವನ್ನು ಮರೆತಿರಲಿಲ್ಲ. ತಲೆಪಿನ್ನು ಸಿಕ್ಕರೂ ಸಾಕು, ಬಾಗಿಲು ತೆರೆದಿರುತ್ತಿತ್ತು. ಕೊನೆಗೆ ಬಡಗಿಯನ್ನು ಕರೆಸಿ ಹೊರಗಡೆಗೊಂದು ಚಿಲಕ ಹೊಡೆಸಿದಳು. ಕೀಲಿಕಂಡಿಯೇ ಇಲ್ಲದ, ಬರೀ ಕಬ್ಬಿಣದ ಅಡ್ಡಪಟ್ಟಿ. ಅದರ ವಿಷಯ ಯಾರಿಗೂ ಹೇಳಲಿಲ್ಲ. ಕೇಳಿದವರಿಗೆ "ಮಲಗಿದಾರೆ" ಎನ್ನುತ್ತಿದ್ದಳು. ಅಂಗಡಿಗೆ ಓಡುತ್ತ ಹೋಗಿ ಓಡುತ್ತ ಬರುವಳು. ನಿಧಾನವಾಗಿ ಉಸಿರಾಡುತ್ತಿದ್ದುದು ಚರ್ಚಿನಲ್ಲಿ ಹಾಡುವಾಗ ಮಾತ್ರ. ಅದೊಂದು ಕೈತಪ್ಪಿದರೆ ತನಗೂ ಹುಚ್ಚು ಹಿಡಿಯುತ್ತದೆ ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ.

ಅಂದಿನ ವಿಶೇಷ ಆರಾಧನೆಯಲ್ಲಿ ಪಾಸ್ಟರ್ ಧರ್ಮಗ್ರಂಥದ ಹಳೆಯ ಸೆರೆಮನೆ ಕಥೆ ಎತ್ತಿಕೊಂಡರು. ಭೂಮಿ ನಡುಗಿ ಬಾಗಿಲುಗಳೆಲ್ಲ ತೆರೆದವು, ಬೇಡಿಗಳು ಕಳಚಿಬಿದ್ದವು. ಆದರೂ ಒಳಗೆ ಹಾಡುತ್ತಿದ್ದವರು ಓಡಿಹೋಗಲಿಲ್ಲ.

"ಬಾಗಿಲು ತೆರೆದ ಮಾತ್ರಕ್ಕೆ ಯಾರಿಗೂ ಬಿಡುಗಡೆ ಆಗಲ್ಲ, ಮುಚ್ಚಿದ ಮಾತ್ರಕ್ಕೆ ಯಾರೂ ಸೆರೆಯಾಳಾಗಲ್ಲ. ನೀವು ಯಾರಿಗೆ ಸೇರಿದವರು, ಅದನ್ನ ಕೇಳಿಕೊಳ್ಳಿ," ಎಂದರು.

ಬೀಗದಕ್ಕ ಆ ಕಥೆಯನ್ನು ಚಿಕ್ಕಂದಿನಿಂದ ಕೇಳಿದವಳು. ಯಾವಾಗಲೂ ತನ್ನನ್ನು ಹಾಡುವವರ ಜೊತೆಗೇ ಕೂರಿಸಿಕೊಂಡಿದ್ದಳು. ಈ ಸಲ ಅಲ್ಲಿ ಜಾಗ ಸಿಗಲಿಲ್ಲ. ಆ ಕಥೆಯಲ್ಲಿ ಚಿಲಕ ಹಾಕಿದವನೂ ಒಬ್ಬನಿದ್ದ.

ಉಪದೇಶ ಮುಗಿದ ಮೇಲೆ ವಿಶ್ವಾಸ ಮತ್ತು ಸ್ವಾತಂತ್ರ್ಯದ ಬಗ್ಗೆ ನಾಲ್ಕು ಮಾತಾಡಬೇಕೆಂದು ಪಾಸ್ಟರ್ ಅವಳಿಗೆ ಮೊದಲೇ ಹೇಳಿದ್ದರು. ಪಾತ್ರೆ ತೊಳೆಯುವಾಗ ಒಳ್ಳೊಳ್ಳೆಯ ಮಾತು ಜೋಡಿಸಿಕೊಂಡಿದ್ದಳು. ಎದ್ದು ನಿಂತಾಗ ಒಂದೂ ನಾಲಿಗೆಗೆ ಬರಲಿಲ್ಲ.

"ನನ್ನನ್ನ ಬಿಡಿಸು ಅಂತ ದಿನಾ ಪ್ರಾರ್ಥನೆ ಮಾಡ್ತೀನಿ," ಎಂದಳು. "ಬಿಡಿಸಿದ್ರೆ ಎಲ್ಲಿಗೆ ಹೋಗ್ತೀನಿ ಅಂತ ಮಾತ್ರ ನಂಗೆ ಗೊತ್ತಿಲ್ಲ. ದೇವರಿಗೂ ಅದೇ ಯೋಚನೆ ಇರ್ಬೇಕು. ಆಮೆನ್."

ಕೂತಾಗ ಟೈಲರಮ್ಮ ಕಿವಿಯ ಬಳಿ ಬಾಗಿದಳು. "ಚೆನ್ನಾಗಿತ್ತು. ಪಾಸ್ಟರೂ ನಿನ್ ಹತ್ರ ಕಲಿತ್ರೆ ಬೇಗ ಮನೆ ಸೇರ್ಕೋಬಹುದು."

ಆದರೆ ಬೇಗ ಮುಗಿಯಲಿಲ್ಲ. ಅಂಗಳದಲ್ಲಿ ಧ್ವಜ ಹಾರಿಸಿದರು, ಹಿರಿಯರೊಬ್ಬರು ಮಾತಾಡಿದರು, ಎಲ್ಲರಿಗೂ ಮಿಠಾಯಿ ಹಂಚಿದರು. ಬೀಗದಕ್ಕ ತನ್ನ ಪಾಲನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹೊರಟಾಗ ಬಿಸಿಲು ನೆತ್ತಿಗೇರಿತ್ತು. ಅವಳ ದಾಪುಗಾಲಿಗೆ ಸಮನಾಗಿ ಹೆಜ್ಜೆ ಹಾಕಲಾರದೆ ಟೈಲರಮ್ಮ ಹಿಂದೆ ಏದುಸಿರು ಬಿಡುತ್ತಿದ್ದಳು.

ಮೆಟ್ಟಿಲ ತಿರುವಿನಲ್ಲೇ ಬೀಗದಕ್ಕನಿಗೆ ಕಂಡಿತು. ಬಾಗಿಲು ತನ್ನ ಜಾಗದಲ್ಲಿರಲಿಲ್ಲ. ಇಡಿಯಾಗಿ ಕಳಚಿ ಗೋಡೆಗೆ ಒರಗಿತ್ತು, ಅಡ್ಡಪಟ್ಟಿ ಅದರ ಮೈಮೇಲೆ ಹಾಗೇ ಇತ್ತು. ಬ್ರೆಡ್ಡಿನ ಬಟ್ಟಲನ್ನು ತೊಳೆದು ಒರೆಸಿ ಹೊಸ್ತಿಲ ಪಕ್ಕ ಇಡಲಾಗಿತ್ತು. ಅದರಲ್ಲಿ ಸ್ಕ್ರೂಗಳು, ಉದ್ದದವು ಒಂದು ಕಡೆ, ಗಿಡ್ಡವು ಒಂದು ಕಡೆ. ಪಕ್ಕದಲ್ಲಿ ಹಿಡಿ ಸೊಟ್ಟಗಾದ ಚಮಚ.

"ಬೀಗಕ್ಕೆ ಅಷ್ಟೊಂದು ತಲೆಕೆಡಿಸ್ಕೋತೀರಿ, ಬಾಗಿಲು ತೂಗೋ ಕೀಲಿನ ಕಡೆ ತಿರುಗೂ ನೋಡಲ್ಲ" ಎಂದು ಅವನು ಗಿರಾಕಿಗಳನ್ನು ರೇಗಿಸುವುದನ್ನು ಮದುವೆಯಾದಾಗಿನಿಂದ ಕೇಳುತ್ತ ಬಂದವಳು ಅವಳು. ಬಾಗಿಲಿನ ಕೀಲುಗಳು ಒಳಗಡೆಗಿದ್ದವು. ಬೀಗದವನ ಹೆಂಡತಿಯಾಗಿ ಅವಳೂ ಬರೀ ಬೀಗದ ಬಗ್ಗೆಯೇ ಯೋಚಿಸಿದ್ದಳು.

ಬಸ್ ನಿಲ್ದಾಣ, ದೊಡ್ಡ ರಸ್ತೆ, ಲಾರಿಗಳು ಕಣ್ಣಮುಂದೆ ಬಂದವು. ಉಳಿದ ಮೆಟ್ಟಿಲುಗಳನ್ನು ಹೇಗೆ ಹತ್ತಿದಳೋ.

ಅವನು ಅಲ್ಲೇ ಇದ್ದ. ಒರಗಿಸಿದ ಬಾಗಿಲಿನ ಮರೆಯಲ್ಲಿ, ಹೊಸ್ತಿಲ ಮೇಲೆ, ಖಾಲಿ ಚೌಕಟ್ಟಿಗೆ ಬೆನ್ನು ಕೊಟ್ಟು, ಕೈಕಟ್ಟಿ ನಿಂತಿದ್ದ.

"ಬನ್ನಿ ಅಮ್ಮಾ," ಎಂದ. "ಈ ಮನೆ ನಿಮ್ದಾ?"

"ರೀ..."

"ನಿಮ್ದೇ ಆದ್ರೆ ಒಳಗೆ ಏನೇನಿದೆ ಹೇಳಿ. ಬೇಜಾರ್ ಮಾಡ್ಕೋಬೇಡಿ, ಇದು ನಮ್ಮ ಪದ್ಧತಿ."

ಅವಳು ತೊದಲುತ್ತ ಹೇಳಿದಳು. ಕಿಟಕಿಯ ಪಕ್ಕ ಹಸಿರು ಕುರ್ಚಿ, ಅದರ ಎಡಗಡೆಯ ಕೈ ಸವೆದಿದೆ. ಗೋಡೆಯಲ್ಲಿ ಮರದ ಶಿಲುಬೆ, ಅದರ ಕೆಳಗೆ ಮದುವೆಯ ಫೋಟೋ. ಒಂದೊಂದಕ್ಕೂ ಅವನು ಕತ್ತು ತಿರುಗಿಸಿ ನೋಡಿ ತಲೆಯಾಡಿಸಿದ.

"ಸರಿ. ಮತ್ತೆ?"

"ಮತ್ತೆ... ನನ್ನ ಗಂಡ ಇದ್ರು."

"ಗಂಡ ಇಲ್ಲಮ್ಮ. ಎಲ್ಲಾ ಕಡೆ ನೋಡ್ದೆ." ಅವನು ದನಿ ತಗ್ಗಿಸಿದ. "ಯಾರನ್ನೋ ಒಳಗೆ ಕೂಡಿಹಾಕಿದ್ರು ಅನ್ಸುತ್ತೆ. ಹೊರಗಡೆಯಿಂದ ಚಿಲಕ ಹಾಕಿದ್ರು, ನೋಡಿ. ಪಾಪ, ತಪ್ಪಿಸ್ಕೊಂಡು ಹೋಗಿರ್ಬೇಕು. ಒಳ್ಳೇದೇ ಆಯ್ತು ಬಿಡಿ."

ಅಷ್ಟರಲ್ಲಿ ಮೇಲೆ ಬಂದು ಮುಟ್ಟಿದ್ದ ಟೈಲರಮ್ಮ ಆ ಅಡ್ಡಪಟ್ಟಿಯನ್ನು ನೋಡಿದಳು, ಬೀಗದಕ್ಕನನ್ನು ನೋಡಿದಳು. ಕೆಮ್ಮಿನ ಮಾತು ಎತ್ತಲಿಲ್ಲ.

ಬೀಗದಕ್ಕ ಅಟ್ಟದ ಮೇಲೆ ಬಚ್ಚಿಟ್ಟಿದ್ದ ಸಲಕರಣೆಯ ಚೀಲವನ್ನು ಇಳಿಸಿ ತಂದಳು. ಅದನ್ನು ಕಂಡದ್ದೇ ತಡ, ಅವನ ಬೆನ್ನು ನೆಟ್ಟಗಾಯಿತು. ಹೆಂಗಸರಿಬ್ಬರೂ ಬಾಗಿಲನ್ನು ಎತ್ತಿ ಹಿಡಿದರು. ಅವನು "ಸ್ವಲ್ಪ ಎಡಕ್ಕೆ, ಹಾಂ, ಹಾಗೇ" ಎನ್ನುತ್ತ ಒಂದೊಂದೇ ಸ್ಕ್ರೂ ತಿರುಗಿಸಿ ಕೂರಿಸಿದ. ಕೊನೆಯದನ್ನು ಬಿಗಿದು, ಬಾಗಿಲನ್ನು ಎರಡು ಸಲ ಆಡಿಸಿ ನೋಡಿ, ಹೊರಗಿನ ಚಿಲಕವನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ.

"ಇದನ್ನ ಯಾವ ಕಡೆ ಹಾಕ್ಲಿ ಅಮ್ಮಾ?"

ಮೈದಾನದ ಧ್ವನಿವರ್ಧಕ ಯಾವಾಗಲೋ ನಿಂತುಹೋಗಿತ್ತು. ಬೀಗದಕ್ಕ ಕರವಸ್ತ್ರದ ಗಂಟು ಬಿಚ್ಚಿ ಮಿಠಾಯಿಯನ್ನು ಅವನ ಅಂಗೈಯಲ್ಲಿಟ್ಟಳು.

"ಒಳಗಡೆ," ಎಂದಳು.

"ಹಾಗಾದ್ರೆ ಭಾನುವಾರ ಹಾಡೋಕೆ?" ಎಂದು ಟೈಲರಮ್ಮ ಮೆಲ್ಲಗೆ ಕೇಳಿದಳು.

ಬೀಗದಕ್ಕ ಖಾಲಿ ಕರವಸ್ತ್ರವನ್ನು ಮಡಿಚತೊಡಗಿದಳು. ಅವನು ಮಿಠಾಯಿಯನ್ನು ಒಂದು ದವಡೆಗೆ ಒತ್ತರಿಸಿಕೊಂಡು, ಒಳಗಡೆ ಪೆನ್ಸಿಲಿನಿಂದ ಗುರುತು ಹಾಕಿ, ಚಿಲಕ ಜಡಿದ. ಬಾಗಿಲು ಹಾಕಿ, ಅವಳೇ ಚಿಲಕ ಸರಿಸಿ ನೋಡಲೆಂದು ಪಕ್ಕಕ್ಕೆ ಸರಿದು ನಿಂತ. ಅವಳು ಸರಿಸಿದಳು. ಕೆಮ್ಮಲಿಲ್ಲ. ಹೊರಗೆ ಟೈಲರಮ್ಮನ ಹೆಜ್ಜೆಗಳು ಮೆಟ್ಟಿಲಿಳಿದು ಹೋದವು.

"ಮನೆ ಒಪ್ಪಿಸಿದ ಹಾಗಾಯ್ತು," ಎಂದು ಅವನು ಚೀಲ ಹೆಗಲಿಗೇರಿಸಿದ. "ನಾನಿನ್ನು ಬರ್ತೀನಿ ಅಮ್ಮಾ."

"ಸ್ವಲ್ಪ ಇರಿ," ಎಂದಳು ಬೀಗದಕ್ಕ, ಹಸಿರು ಕುರ್ಚಿಯನ್ನು ಅವನ ಕಡೆಗೆ ತಿರುಗಿಸುತ್ತ. "ನಮ್ಮ ಮನೆಯವರು ಇನ್ನೂ ಬಂದಿಲ್ಲ."

ಅವನು ಯೋಚಿಸಿದ. ಅದೂ ನ್ಯಾಯವೇ ಅನಿಸಿರಬೇಕು. ಚೀಲ ಇಳಿಸಿ, ಕಾಯಲು ಕೂತ.