ಗೋಡೆಗೆ ಮುಖ ತಿರುಗಿಸುವ ಜುಲೇಖಾ

ಪರ ಊರಿಗೆ ಹೋಗುವ ದಿನ ನಾನು ನೀರು ಕುಡಿಯುವುದಿಲ್ಲ. ಹಿಂದಿನ ಸಂಜೆಯಿಂದಲೇ ಲೋಟ ದೂರ. ಹೋದಲ್ಲಿ ‘ಎಲ್ಲಿ ಹೋಗಬೇಕ್ರಿ’ ಎಂದು ಯಾರನ್ನು ಕೇಳುವುದು? ಕೇಳುವಾಗ ಪಕ್ಕದಲ್ಲಿ ಗಂಡಸರಿದ್ದರೆ? ಈ ಸಣ್ಣ ಚಿಂತೆಯನ್ನು ದಿನಚರಿಯಲ್ಲಿ ಬರೆದಿದ್ದೇನೆ, ಅವ್ವನಿಗೂ ಹೇಳಿಲ್ಲ. ವಿಜಯಪುರದಿಂದ ತಿಕೋಟಾಕ್ಕೆ ಬರುವ ಮೊದಲ ಬಸ್ಸಿನಲ್ಲೂ ಅದು ನನ್ನ ಪಕ್ಕದಲ್ಲೇ ಕೂತು ಬಂದಿದೆ.

ಬಸ್ಸಿಳಿದಾಗ ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಸ್ಟ್ಯಾಂಡಿನ ಎದುರಿನ ಸಾಲಿನಲ್ಲಿ ಒಂದೇ ಅಂಗಡಿಯ ಶಟರ್ ಅರ್ಧ ಮೇಲೆದ್ದಿದೆ. ಒಳಗೆ, ನಾನು ಪೇಪರಿಗೆ ಬರೆಯಲೆಂದು ಹುಡುಕಿ ಬಂದ ಜುಲೇಖಾ ಹಸಿ ಬಟ್ಟೆಯಿಂದ ಗಾಜಿನ ಮೇಜು ಒರೆಸುತ್ತಿದ್ದಾರೆ. ಮೇಜಿನ ಒಂದು ಬದಿಗೆ ಫೋನಿನ ಕವರುಗಳು, ಚಾರ್ಜರುಗಳು. ಇನ್ನೊಂದು ಬದಿ ಗಂಡ ಫಕ್ರುದ್ದೀನರದು, ಅಲ್ಲಿ ಕೈಗಡಿಯಾರಗಳ ಬಿಡಿಭಾಗಗಳು. ಗೋಡೆಯ ತುಂಬ ರಿಪೇರಿಗೆ ಬಂದು ನಿಂತ ಗಡಿಯಾರಗಳು, ಒಂದೊಂದಕ್ಕೂ ಒಂದೊಂದು ಹೊತ್ತು.

“ಬರ್ರಿ ತಂಗಿ. ಮದ್ಲ ನೀರ ಕುಡೀರಿ.”

“ಬ್ಯಾಡ್ರಿ, ಈಗ ಕುಡದೇನಿ.”

ಜುಲೇಖಾ ನನ್ನ ಮುಖ ನೋಡುತ್ತಾರೆ. ಏನೂ ಕೇಳುವುದಿಲ್ಲ. ಲೋಟದ ಮೇಲೆ ತಾಟು ಮುಚ್ಚಿ ಮೇಜಿನ ತುದಿಗೆ ಸರಿಸಿಡುತ್ತಾರೆ.

ಕೇಳದೇ ಇರುವುದೇ ಅವರ ಕಸುಬು ಎಂದು ಆಮೇಲೆ ನನಗೆ ತಿಳಿಯುತ್ತದೆ. ಫೋನಿನಲ್ಲಿ ಕಳಿಸುವ ಮಾತನ್ನು ಕಳಿಸಿದವರು, ಪಡೆದವರು ಬಿಟ್ಟು ಬೇರೆ ಯಾರೂ ಓದಲಾಗದಂತೆ ಮಾಡುವ ಆ್ಯಪನ್ನು ಅವರು ಜನರಿಗೆ ಹಾಕಿಕೊಡುತ್ತಾರೆ, ಬಳಸಲು ಕಲಿಸುತ್ತಾರೆ. ಆ್ಯಪಿಗೆ ಬೇರೆ ಹೆಸರಿದೆ. ತಿಕೋಟಾದಲ್ಲಿ ಮಾತ್ರ ಅದು ‘ಕೀಲಿ ಆ್ಯಪ್’.

“ಬುತ್ತಿ ಕಟ್ಟಿ ಕಳಸಿದಂಗ್ರಿ,” ಎನ್ನುತ್ತಾರೆ. “ಗಂಟ ನಮ್ಮ ಮನ್ಯಾಗ ಕಟ್ಟತೈತಿ, ಹೊಲದಾಗ ಅವರ ಕೈಯಾಗ ಬಿಚ್ಚತೈತಿ. ನಡುವ ಒಯ್ಯಾಂವಗ ಗಂಟ ಕಾಣತೈತಿ. ಒಳಗ ಹೋಳಿಗಿ ಐತೋ ಖಾರಬ್ಯಾಳಿ ಐತೋ, ತಿಳೀದಿಲ್ಲ.”

ಇವತ್ತಿನ ಮೊದಲ ಗಿರಾಕಿ ಗೌತಮಿ. ಬಿಜ್ಜರಗಿ ದಾರಿಯ ಒಣದ್ರಾಕ್ಷಿ ಶೆಡ್ಡಿನಲ್ಲಿ ಹಣ್ಣು ಆರಿಸುವ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿ. ಕೈಯಲ್ಲಿ ಅಣ್ಣ ಕೊಡಿಸಿದ ಫೋನು. ಆ್ಯಪ್ ಇಳಿಯುತ್ತದೆ, ನಂಬರು ಕೇಳುತ್ತದೆ, ಓಟಿಪಿ ಬರುತ್ತದೆ. ಗೌತಮಿ ಅದನ್ನು ಗಟ್ಟಿಯಾಗಿ ಓದಲು ಬಾಯಿ ತೆರೆಯುತ್ತಾಳೆ.

“ಶ್! ಅದು ನನಗೂ ಹೇಳೂದಲ್ಲ. ನೀನ ಒತ್ತು. ಈಗ ಪಿನ್ ಹಾಕು. ಹುಟ್ಟಿದ ತಾರೀಖ ಬ್ಯಾಡ, ಅದು ಓಣಿಗೆಲ್ಲಾ ಗೊತ್ತಿರತೈತಿ.”

ಹೀಗೆಂದವರೇ ಜುಲೇಖಾ ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಗೋಡೆಗೆ ತಿರುಗಿ ಕೂರುತ್ತಾರೆ.

“ಆಪಾ, ನಾ ಮರತ್ರ? ನೀವೂ ಒಂದೀಟ ನೋಡಿ ನೆನಪಿಟ್ಕೋರಿ.”

“ನಾ ನೋಡಿದ್ರ ಅದು ಕೀಲಿ ಹೆಂಗಾದೀತ? ಹಾಕವಾ ಲಗೂನ. ನನ್ನ ಕುತ್ತಿಗಿ ನೋಯಾಕತ್ತೈತಿ.”

ಬಂದವರೆಲ್ಲ ಹೀಗೇ ಕೇಳುತ್ತಾರಂತೆ. ಊರಿಗೆ ಹೋಗುವಾಗ ಮನೆಯ ಚಾವಿಯನ್ನು ನೆರೆಮನೆಗೆ ಕೊಟ್ಟು ಹೋಗುವ ಜನ. ಪಿನ್ನನ್ನೂ ಹಾಗೇ ಕೊಡಲು ಬರುತ್ತಾರೆ. ಜುಲೇಖಾ ಯಾರದನ್ನೂ ಇಟ್ಟುಕೊಂಡಿಲ್ಲ. “ಇಷ್ಟೂ ಮಂದಿಗೆ ಕೀಲಿ ಹಾಕಿ ಕೊಟ್ಟೇನ್ರಿ. ಒಂದರ ಚಾವಿನೂ ನನ್ನ ಕಡೆ ಇಲ್ಲ,” ಎನ್ನುವಾಗ ಮಾತ್ರ ಅವರ ದನಿ ಒಂದಿಷ್ಟು ಏರುತ್ತದೆ.

ಪಿನ್ ಆದಮೇಲೆ ಮುಚ್ಚಿದ ಪರದೆಯ ಮೇಲೆ ಮೆಸೇಜು ಕಾಣದಂತೆ ಮಾಡಿಸುತ್ತಾರೆ. ಇಲ್ಲದಿದ್ದರೆ “ಬಾಗಲಾ ಹಾಕಿ ಕಿಡಕಿ ತಗದಿಟ್ಟಂಗ.” ಕೊನೆಗೆ, ಮೆಸೇಜು ಕಳಿಸಿಕೊಳ್ಳುವ ಇಬ್ಬರ ನಡುವಿನ ಸುರಕ್ಷತಾ ನಂಬರು. ಎರಡೂ ಫೋನಿನಲ್ಲಿ ಅದೇ ಉದ್ದನೆಯ ನಂಬರಿದ್ದರೆ ನಡುವೆ ಬೇರೆ ಯಾರೂ ನುಸುಳಿಲ್ಲ ಎಂದರ್ಥ. ಇದನ್ನು ಸುಮ್ಮನೆ ನೋಡಿ ಮುಗಿಸಲು ಜುಲೇಖಾ ಬಿಡುವುದಿಲ್ಲ. ಇಬ್ಬರನ್ನೂ ಎದುರುಬದುರು ಕೂರಿಸುತ್ತಾರೆ; ಒಬ್ಬರು ಓದಬೇಕು, ಇನ್ನೊಬ್ಬರು ‘ಹೂಂ’ ಅನ್ನಬೇಕು. ಮುಂಜಾನೆ ಈ ಅಂಗಡಿಯ ಮುಂದೆ ಹಾದರೆ ಶಾಲೆಯಲ್ಲಿ ಮಗ್ಗಿ ಹೇಳಿಸಿದಂತೆ ಕೇಳುತ್ತದೆ.

ಬಬಲೇಶ್ವರ ಅವರ ತವರು. ಪಿಯುಸಿ ಮುಗಿಯುವುದರೊಳಗೆ ಮದುವೆಯಾಗಿ ಇಲ್ಲಿಗೆ ಬಂದರು. ಕೈಗೆ ಗಡಿಯಾರ ಕಟ್ಟುವವರು ಕಡಿಮೆಯಾದಂತೆ ಮೇಜಿನ ಅರ್ಧ ಭಾಗ ರಿಚಾರ್ಜಿಗೆ ಹೋಯಿತು. ಮಗಳು ಸುಮಯ್ಯಾ ವಿಜಯಪುರದ ಹಾಸ್ಟೆಲಿಗೆ ಸೇರಿದಾಗ ಅವ್ವನ ಫೋನಿಗೆ ಈ ಆ್ಯಪ್ ಹಾಕಿ ಹೋದಳು. ಅದನ್ನು ಕಂಡು ಮೊದಲು ನೆರೆಯವರು ಕೇಳಿದರು, ಆಮೇಲೆ ಕನಮಡಿ, ಕಳ್ಳಕವಟಗಿಯಿಂದಲೂ ಬರತೊಡಗಿದರು. ದವಾಖಾನೆಯ ರಿಪೋರ್ಟು ಅಕ್ಕನಿಗಷ್ಟೇ ಕಳಿಸಬೇಕಾದವರು, ಗಂಡು ನೋಡುವ ಮಾತು ಪಕ್ಕಾ ಆಗುವ ತನಕ ಬೀಗರ ಕಿವಿಗೆ ಬೀಳಬಾರದು ಅನ್ನುವವರು.

ಎಲ್ಲರೂ ಖುಷಿಯಿಂದಲೇ ಹೋಗಿಲ್ಲ. ಒಬ್ಬ ತನ್ನ ಹೆಂಡತಿಯ ಮೆಸೇಜು ತನ್ನ ಫೋನಿನಲ್ಲೂ ಕಾಣುವಂತೆ ಮಾಡಿಕೊಡು ಎಂದು ಬಂದ. ಆಗುವುದಿಲ್ಲ ಎಂದಾಗ ಸ್ಟ್ಯಾಂಡಿನಲ್ಲಿ ನಿಂತು ಬೈದ. ಕೆಲವು ವಾರ ಗಂಡಸರು ರಿಚಾರ್ಜಿಗೂ ಈ ಕಡೆ ಬರಲಿಲ್ಲ. ಮೇಜಿನ ಆ ಬದಿ ಗಡಿಯಾರ ಬಿಚ್ಚುತ್ತ ಕೂತ ಫಕ್ರುದ್ದೀನರು ಕಣ್ಣಿನ ಭೂತಗನ್ನಡಿ ತೆಗೆಯದೆಯೇ ನಗುತ್ತಾರೆ: “ನಾ ಬಜಾರಕ್ಕ ಹೋದಾಗ ನಾ ಎಲ್ಲಿ ಹೋಗೇನಂತನೂ ಇಕಿ ಯಾರಿಗೂ ಹೇಳಾಂಗಿಲ್ಲ. ಇನ್ನ ಮಂದಿ ಮೆಸೇಜ ಹೇಳತಾಳೇನ್ರಿ?”

ಅಷ್ಟರಲ್ಲಿ ಶೆಡ್ಡಿಗೆ ಹೋಗುವ ಹೆಂಗಸರು ಬುತ್ತಿ ಗಂಟು ಹಿಡಿದು ಒಬ್ಬೊಬ್ಬರೇ ಬರುತ್ತಾರೆ. ಅವರನ್ನು ಒಯ್ಯುವ ಟಂಟಂ ಗಾಡಿ ಇಲ್ಲಿಂದಲೇ ಹೊರಡುತ್ತದೆ. ಮುಂದಿರುವವರು ಸಾವಂತ್ರವ್ವ. ಇವರೆಲ್ಲರ ಒಂದು ಗುಂಪನ್ನು ಕಳೆದ ವಾರ ಜುಲೇಖಾ ಕೀಲಿ ಆ್ಯಪಿನಲ್ಲಿ ಕಟ್ಟಿಕೊಟ್ಟಿದ್ದಾರೆ. ಹೆಸರು ‘ಬುತ್ತಿ ಗಂಟ’. ಶೆಡ್ಡಿನಲ್ಲಿ ಹೆಂಗಸರಿಗೆ ಪಾಯಿಖಾನೆ ಇಲ್ಲ. ಸುತ್ತ ಬಯಲು, ಮರೆಗೆ ಒಂದು ಗಿಡವೂ ಇಲ್ಲ. ಹೋದ ಸುಗ್ಗಿಯಲ್ಲಿ ಒಬ್ಬಾಕೆ ಈ ಮಾತೆತ್ತಿದ್ದಕ್ಕೆ ಶೆಡ್ಡಿನ ಮಾಲಕ ಆಕೆಯನ್ನು ಮತ್ತೆ ಕೆಲಸಕ್ಕೆ ಕರೆಸಲಿಲ್ಲ. ಅದಕ್ಕೇ ಈ ಸಲ ಎಲ್ಲರೂ ಒಳಗೊಳಗೇ ಮಾತಾಡಿಕೊಂಡು, ಒಮ್ಮತವಾದ ಮೇಲೆ ಒಟ್ಟಿಗೆ ಕೇಳಬೇಕು ಎಂಬ ಹಂಚಿಕೆ. ಇವತ್ತು ನಾನೂ ಅವರ ಜೊತೆ ಶೆಡ್ಡಿಗೆ ಹೋಗುವವಳಿದ್ದೇನೆ.

ಗೌತಮಿಯನ್ನು ಗುಂಪಿಗೆ ಸೇರಿಸಲು ಜುಲೇಖಾ ಸಾವಂತ್ರವ್ವನ ಫೋನು ತೆಗೆದುಕೊಳ್ಳುತ್ತಾರೆ. ಸದಸ್ಯರ ಹೆಸರು ನೋಡುತ್ತಾ ಬೆರಳು ನಿಲ್ಲುತ್ತದೆ.

“ಯವ್ವಾ, ಇದ್ರಾಗ ದಶರಥ ಮುಕಾದಮ ಅದಾನಲ್ಲ! ಯಾರ ಸೇರಿಸಿದವರು?”

ದಶರಥ ಅಂದರೆ ಈ ಹೆಂಗಸರನ್ನು ಕೂಡಿಸಿ ಕೆಲಸಕ್ಕೆ ಕರೆದೊಯ್ಯುವವರು. ಮಾಲಕನ ಕಡೆಯವರು. ವ್ಯಾಪಾರಿಗಳ ಜೊತೆ ಮಾತಾಡಲೆಂದು ಅವರ ಫೋನಿಗೂ ಕೀಲಿ ಹಾಕಿಕೊಟ್ಟವರು ಜುಲೇಖಾ.

“ನಾನ ಸೇರಿಸೇನಿ,” ಎನ್ನುತ್ತಾರೆ ಸಾವಂತ್ರವ್ವ. “ಹೆಸರ ಕಾಣ್ತು, ಒತ್ತಿದೆ. ಹಿರೇ ಮನಶ್ಯಾನ್ನ ಬಿಟ್ಟ ನಾವಷ್ಟ ಕೂಡೂದು ಚಂದ ಕಾಣತೈತೇನ?”

“ಅಯ್ಯ ನಿನ್ನ!” ಹಿಂದಿನವರೊಬ್ಬರು ಹಣೆ ಬಡಿದುಕೊಳ್ಳುತ್ತಾರೆ. “ಯಾರ ಕಣ್ಣಿಗೆ ಬೀಳಬಾರದಂತ ಕೀಲಿ ಹಾಕಿದ್ವೋ ಅವನ್ನ ಒಳಗ ಕರದ, ಮಣೀ ಹಾಕಿ ಕುಂದ್ರಿಸಿದೆಲ್ಲಬೇ!”

“ನಾ ಅವತ್ತ ಕೇಳೇನಿ, ಎಲ್ಲಾರೂ ನಿಮ್ಮವರ ಏನಂತ,” ಎನ್ನುತ್ತಾರೆ ಜುಲೇಖಾ ಮೆಲ್ಲಗೆ. “ಕೀಲಿ ಹೊರಗಿನವರಿಗೆ. ಒಳಗ ಕರದವರಿಗೆ ಅದು ಏನ ಮಾಡೀತು?”

ಟಂಟಂ ಬಂದು ನಿಲ್ಲುತ್ತದೆ. ಇಳಿದವರು ದಶರಥ. ಹೆಂಗಸರ ಮುಖ ನೋಡಿದವರೇ ಅರ್ಥ ಮಾಡಿಕೊಳ್ಳುತ್ತಾರೆ.

“ಈಗ ಗೊತ್ತಾತೇನು? ನಾ ದಿನಾ ಓದಾಕತ್ತೇನಿ. ‘ಮುಕಾದಮಗೇನ ಗೊತ್ತು, ಗ್ವಾಡಿ ಕಂಡಲ್ಲಿ ನಿಂದರತಾನ’ ಅಂತ ಬರದೀರಿ. ಓದಿ ನಾನ ನಕ್ಕೇನಿ.”

ಯಾರೋ ಕಿಸಕ್ಕೆಂದು, ಕೂಡಲೇ ಬಾಯಿಗೆ ಸೆರಗು ಒತ್ತಿಕೊಳ್ಳುತ್ತಾರೆ.

“ಮಾಲಕರಿಗೆ ತೋರ್ಸಿಲ್ಲ, ತೋರಸೂದೂ ಇಲ್ಲ. ತೋರಿಸಿದ್ರ ನಿಮ್ಮ ಹೆಸರ ಕಾಣತಾವು,” ಎಂದು ದಶರಥ ದನಿ ತಗ್ಗಿಸುತ್ತಾರೆ. “ಖರೇ ಹೇಳ್ರಿ, ಅಷ್ಟ ತ್ರಾಸ ಐತೇನು? ಇಲ್ಲಾ ಬರೇ ಹುಡುಗಾಟಕ್ಕ ಬರದೀರೋ? ಒಬ್ಬರರ ಬಾಯಿ ಬಿಟ್ಟ ಹೇಳ್ರಿ. ಇವತ್ತ ಮಾಲಕರ ಮುಂದ ನಾನ ನಿಂತ ಕೇಳತೇನಿ.”

ಫೋನಿನಲ್ಲಿ ಅಷ್ಟೆಲ್ಲ ಬರೆದ ಸಾವಂತ್ರವ್ವ ಬುತ್ತಿಯ ಗಂಟನ್ನು ಬಿಚ್ಚಿ ಮತ್ತೆ ಕಟ್ಟುತ್ತಾರೆ. ಹೋದ ಸುಗ್ಗಿಯಲ್ಲಿ ಕೆಲಸ ಕಳೆದುಕೊಂಡಾಕೆ ಎಲ್ಲರಿಗೂ ನೆನಪಿದ್ದಾಳೆ. ಇದು ಗಂಡಸಿನ ಎದುರು ಹೇಳುವ ಮಾತೂ ಅಲ್ಲ. ಜುಲೇಖಾ ಯಾರ ಮುಖವನ್ನೂ ನೋಡುತ್ತಿಲ್ಲ. ಪಿನ್ ಹಾಕುವವರಿಗೆ ಮಾಡುವಂತೆ ಸೆರಗು ಎಳೆದುಕೊಂಡು ಗೋಡೆಗೆ ತಿರುಗಿ ಕೂತಿದ್ದಾರೆ.

ತಮಗೊಂದು ಆಸೆಯಿದೆ ಎಂದು ಜುಲೇಖಾ ಆಗಲೇ ಹೇಳಿದ್ದರು. ಅಂಗಡಿಯ ಹಿಂದಿನ ಮೂಲೆಗೆ ಒಂದು ಪರದೆ ಕಟ್ಟಿ, ಒಳಗೆ ಎರಡು ಸ್ಟೂಲು ಹಾಕಬೇಕು. “ಹೆಂಗಸರು ಕುಂತ ಒಂದೀಟ ಖರೇ ಮಾತಾಡಾಕ ಜಾಗಾ ಬೇಕಲ್ರಿ.” ಪರದೆ ಇನ್ನೂ ಬಂದಿಲ್ಲ.

“ನೀವರ ಹೇಳ್ರಿ ಅಕ್ಕಾರ,” ದಶರಥ ನನ್ನ ಕಡೆ ತಿರುಗುತ್ತಾರೆ. “ಪೇಪರಿನವರು ನೀವು. ಇವತ್ತ ಶೆಡ್ಡಿಗೆ ಬರಾವ್ರಂತಲ್ಲ?”

ಮೇಜಿನ ತುದಿಯಲ್ಲಿ ತಾಟು ಮುಚ್ಚಿದ ಲೋಟ ಹಾಗೇ ಇದೆ. ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸುವಂತೆ ಹೊರಗೆ ಬರುತ್ತದೆ.

“ಜುಲೇಖಾ ಆಪಾಗ ನಾ ಸುಳ್ಳ ಹೇಳೇನ್ರಿ. ನಿಮ್ಮ ಶೆಡ್ಡಿಗೆ ಬರಬೇಕಲ್ಲ ಅಂತ, ನಿನ್ನೆ ಸಂಜಿಂದ ನಾನೂ ನೀರ ಕುಡದಿಲ್ರಿ.”